ಗ್ವಾಡಿ ನೋಡು ಅಂದಾನ

ಧಾರವಾಡದ ನಮ್ಮ ಕ್ರೈಸ್ತರ ಮನೆಗಳಲ್ಲಿ ಬೈಬಲ್ಲಿಗೆ ಓದಿಸಿಕೊಳ್ಳುವುದೊಂದೇ ಕೆಲಸವಲ್ಲ. ಮನೆಯ ತಿಜೋರಿ ಅದೇ, ಜನನ-ಮರಣದ ದಫ್ತರವೂ ಅದೇ. ನಮ್ಮಜ್ಜಿಯ ಬೈಬಲ್ಲಿನ ಮೊದಲ ಖಾಲಿ ಹಾಳೆಯಲ್ಲಿ ಮಕ್ಕಳೆಲ್ಲರ ಹುಟ್ಟಿದ ದಿನ, ದೀಕ್ಷಾಸ್ನಾನದ ದಿನ ನೀಲಿ ಮಸಿಯಲ್ಲಿ ಬರೆದಿದ್ದವು. ಒಳಗೆ ಗರಿ ಭಾನುವಾರದಂದು ಚರ್ಚಿನಿಂದ ತಂದ ತೆಂಗಿನ ಗರಿಯ ಶಿಲುಬೆಗಳು, ರೇಷನ್ ಕಾರ್ಡು, ಯಾರದೋ ಲಗ್ನಪತ್ರಿಕೆ. ಎಲ್‌ಐಸಿ ಕಂತಿನ ರಸೀದಿಗಳು ಮಾತ್ರ ತಪ್ಪದೆ ಕೀರ್ತನೆ 91ರ ಪುಟದಲ್ಲೇ ಇರಬೇಕು. ದೇವರ ರೆಕ್ಕೆಯ ಕೆಳಗೆ ಆಸರೆ ಉಂಟೆಂದು ಹೇಳುವ ಕೀರ್ತನೆ ಅದು. ಎಲ್‌ಐಸಿಯ ಲಾಂಛನದಲ್ಲಿರುವುದು ಭಗವದ್ಗೀತೆಯ ಮಾತು. ಎರಡೂ ಕಡೆಯ ಭರವಸೆಗಳು ವರ್ಷಗಟ್ಟಲೆ ಒಂದೇ ಪುಟದಲ್ಲಿ ಬೆಚ್ಚಗೆ ಮಲಗಿದ್ದವು. ಪಾಲಿಸಿಯ ಹಣ ಕೈಗೆ ಬರುವ ತನಕ ಯಾರೂ ತಕರಾರು ತೆಗೆಯಲಿಲ್ಲ.

ಓದುವ ಕೆಲಸ ನಡೆಯುತ್ತಿದ್ದುದು ರಾತ್ರಿ ಊಟಕ್ಕೆ ಮುಂಚೆ. ಕುಟುಂಬ ಪ್ರಾರ್ಥನೆ ಎಂದರೆ ಚಾಪೆ ಹಾಸಿ, ಸುತ್ತ ಕೂತು, ಒಂದು ಹಾಡು ಹಾಡಿ, ಒಂದು ಅಧ್ಯಾಯವನ್ನು ಆಳಿಗೊಂದು ವಚನದಂತೆ ಓದುವುದು. ಅಜ್ಜಿಯಿಂದ ಶುರು, ಆಮೇಲೆ ಅಪ್ಪ, ಕಾಕಾ, ಕಾಕು, ಅಣ್ಣ, ನಾನು. ಇವತ್ತು ಇಂಥ ಅಧ್ಯಾಯ ಎಂದು ಅಜ್ಜಿ ಹೇಳಿದ ಕೂಡಲೇ ಮಕ್ಕಳ ಗುಂಪಿನಲ್ಲಿ ಗಣಿತ ಶುರುವಾಗುತ್ತಿತ್ತು. ನನ್ನ ಪಾಲಿಗೆ ಬರುವ ವಚನ ಯಾವುದು, ಅದರಲ್ಲಿ ಎಂಥ ಹೆಸರು ಹೊಂಚುಹಾಕಿ ಕೂತಿದೆ ಎಂದು ಬೆರಳು ಮಡಚಿ ಲೆಕ್ಕ ಹಾಕುವುದು. ಪೂರ್ವಕಾಲವೃತ್ತಾಂತದ ಮೊದಲ ಒಂಬತ್ತು ಅಧ್ಯಾಯಗಳೆಂದರೆ ಬರೀ ವಂಶಾವಳಿ. ಒಂದು ಹೆಸರು ದಾಟಿದೆವು ಎನ್ನುವಷ್ಟರಲ್ಲಿ ಅವನಿಗೆ ನಾಲ್ಕು ಗಂಡುಮಕ್ಕಳು. ಯೆಶಾಯ ಪ್ರವಾದಿ ತನ್ನ ಮಗನಿಗೆ ಮಹೇರ್ ಶಾಲಾಲ್ ಹಾಷ್ ಬಜ್ ಎಂದು ಹೆಸರಿಟ್ಟ. ಪಾಪದ ಕೂಸು, ನಮ್ಮ ಸಾಲಿಗೆ ಬಂದಿದ್ದರೆ ಮಾಸ್ತರರು ಹಾಜರಿ ಕರೆಯುವುದರಲ್ಲೇ ಒಂದು ಪಿರಿಯಡ್ಡು ಮುಗಿಯುತ್ತಿತ್ತು.

ಲೆಕ್ಕ ಮುಗಿಸಿ, ನನಗೆ ಸಲೀಸಾದ ವಚನ ಬರುತ್ತದೆಂದು ನೆಮ್ಮದಿಯಿಂದ ಕಾಲು ಚಾಚಿ ಕೂತಿರುವಾಗಲೇ ಬಾಗಿಲ ಚಿಲಕ ಸದ್ದಾಗಿ ಯಾರೋ ಬೀಗರು ಬರುತ್ತಿದ್ದರು. ಅವರೂ ಚಾಪೆಯ ತುದಿಗೆ ಕೂತು ತಮ್ಮ ಪಾಲಿನ ವಚನ ಓದಿದರೆ ಲೆಕ್ಕವೆಲ್ಲ ಬುಡಮೇಲು. ಈಗಲೂ ಊಟದ ಹೊತ್ತಿಗೆ ಅತಿಥಿಗಳು ಬಂದರೆ ನನಗೆ ಒಂದು ಗಳಿಗೆ ಎದೆ ಧಸಕ್ಕೆನ್ನುವುದುಂಟು. ಜಿಪುಣತನವೆಂದು ಹೆಂಡತಿಯ ತರ್ಕ. ಅಲ್ಲ, ಅದು ಪೂರ್ವಕಾಲವೃತ್ತಾಂತದ ಪರಿಣಾಮ.

ಇನ್ನು ಕೀರ್ತನೆ 119. ಇಬ್ರಿಯ ವರ್ಣಮಾಲೆಯ 22 ಅಕ್ಷರಗಳಿಗೆ ಅಕ್ಷರಕ್ಕೆ ಎಂಟರಂತೆ 176 ವಚನ. ದೇವರ ವಾಕ್ಯವನ್ನು ಎಷ್ಟು ಬಗೆಯಲ್ಲಿ ಹೊಗಳಬಹುದೋ ಅಷ್ಟೂ ಬಗೆಯಲ್ಲಿ ಹೊಗಳಿ, ಮತ್ತೆ ಮೊದಲಿಂದ ಹೊಗಳುವ ಕೀರ್ತನೆ. ಅದು ಬಂದ ರಾತ್ರಿ ಮನೆಯಲ್ಲಿ ಎಲ್ಲರೂ ತಣ್ಣನೆಯ ಅನ್ನ ಉಣ್ಣುತ್ತಿದ್ದೆವು. ಯಾವುದನ್ನು ಓದೋಣ ಎಂದು ಅಜ್ಜಿ ಅಪರೂಪಕ್ಕೊಮ್ಮೆ ಮಕ್ಕಳನ್ನು ಕೇಳಿದರೆ ನಮ್ಮದು ಒಕ್ಕೊರಲು: 117. ಎರಡೇ ವಚನ.

ಓದುವಾಗ ತೂಕಡಿಸಿದರೆ ಬೈಗುಳವಿರಲಿಲ್ಲ, ಯೂತಿಕನ ಕಥೆ ಇತ್ತು. ತ್ರೋವ ಊರಿನಲ್ಲಿ ಪೌಲನು ನಡುರಾತ್ರಿಯ ತನಕ ಪ್ರಸಂಗ ಮಾಡುತ್ತಿದ್ದಾಗ ಈ ಹುಡುಗ ಮೂರನೆಯ ಅಂತಸ್ತಿನ ಕಿಟಕಿಯಲ್ಲಿ ಕೂತು ನಿದ್ದೆಹೋಗಿ ಕೆಳಗೆ ಬಿದ್ದ. ಪೌಲ ಇಳಿದುಹೋಗಿ ಅವನನ್ನು ತಬ್ಬಿ ಬದುಕಿಸಿಕೊಂಡು ಮೇಲೆ ಬಂದ. ಬಂದವನು ಸುಮ್ಮನಾದನೇ? ಬೆಳಗಾಗುವ ತನಕ ಮತ್ತೆ ಮಾತಾಡಿದ! ಪ್ರಸಂಗಿಗಳ ಜಾತಿಯೇ ಅಂಥದು ಎಂದು ಕಾಕಾ ನಗುತ್ತಿದ್ದರು.

ಕಾಕಾನ ವಿಷಯಕ್ಕೆ ಬಂದೆ, ಒಳ್ಳೆಯದಾಯಿತು. ಬೈಬಲ್ಲಿನಿಂದ ದಾರಿ ಕೇಳುವುದರಲ್ಲಿ ನಮ್ಮ ಮನೆತನದಲ್ಲಿ ಅವರದೇ ಮೇಲುಗೈ. ಕೆಲಗೇರಿ ಕಡೆ ಒಂದು ಹಳೆಯ ಮನೆ ಮಾರಾಟಕ್ಕಿತ್ತು. ಕಾಕಾನಿಗೆ ಮನಸ್ಸಿತ್ತು, ಧೈರ್ಯವಿರಲಿಲ್ಲ. ಒಂದು ಸಂಜೆ ಕಣ್ಣು ಮುಚ್ಚಿ, “ಕರ್ತನೇ, ತಗೊಳ್ಳಲೋ ಬ್ಯಾಡೋ ನೀನ ತೋರಿಸು” ಎಂದು ಬೈಬಲ್ ತೆರೆದು ಬೆರಳಿಟ್ಟರು. ಬಿದ್ದದ್ದು ಯಾಜಕಕಾಂಡದ 14ನೆಯ ಅಧ್ಯಾಯ. ಭಕ್ತರು ಸಾಮಾನ್ಯವಾಗಿ ಸರಸರನೆ ಹಾಳೆ ತಿರುವಿಹಾಕುವ ಜಾಗ ಅದು. ಮನೆಯ ಗೋಡೆಯಲ್ಲಿ ಹಸಿರು ಅಥವಾ ಕೆಂಪು ಕಲೆ ಕಂಡರೆ, ಅದು ಗೋಡೆಯ ಒಳಕ್ಕೆ ಇಳಿದಂತಿದ್ದರೆ ಏನು ಮಾಡಬೇಕೆಂಬ ನಿಯಮಗಳು. ಮೊದಲು ಮನೆಯ ಸಾಮಾನು ಹೊರಗಿಡಬೇಕು. ಯಾಜಕ ಬಂದು ನೋಡಿ ಏಳು ದಿನ ಬಾಗಿಲು ಮುಚ್ಚಿಸಬೇಕು. ಕಲೆ ಹಬ್ಬಿದ್ದರೆ ಆ ಕಲ್ಲುಗಳನ್ನು ಕೀಳಿಸಿ, ಗಿಲಾವು ಕೆರೆಸಿ ಊರ ಹೊರಗೆ ಸುರಿಸಬೇಕು. ಆಮೇಲೂ ಮರುಕಳಿಸಿದರೆ ಮನೆಯನ್ನೇ ಕೆಡವಬೇಕು.

“ಏನ್ ಬಂತ್ರೀ?” ಎಂದು ಕಾಕು ಒಳಗಿನಿಂದ ಕೂಗಿದರು.

“ಗ್ವಾಡಿ ನೋಡು ಅಂದಾನ.”

ಮರುದಿನ ಕಾಕಾ ಬ್ಯಾಟರಿ ಹಿಡಿದುಕೊಂಡು ಹೋದರು. ಮಲಗುವ ಕೋಣೆಯ ಕಪಾಟನ್ನು ಸರಿಸಿ ಎಂದರೆ ಮನೆಯವರು ಅದು ಭಾರ ಎಂದರಂತೆ, ಬೀಗದ ಕೈ ಇಲ್ಲ ಎಂದರಂತೆ. ಕಾಕಾ ತಾವೇ ಹೆಗಲು ಕೊಟ್ಟು ಸರಿಸಿದರು. ನೆಲದಿಂದ ಮೊಣಕಾಲೆತ್ತರಕ್ಕೆ ಹಸಿರು ಬೂಷ್ಟು ಹಬ್ಬಿ, ಬೆರಳಿಂದ ಒತ್ತಿದರೆ ಸುಣ್ಣ ಪುಡಿಪುಡಿಯಾಗಿ ಉದುರಿತು. ಧಾರವಾಡದ ಮಳೆ ಬಲ್ಲವರಿಗೆ ಇದರಲ್ಲಿ ಪವಾಡವೇನೂ ಕಾಣದು. ಮೋಶೆಯ ಕಾಲದ ಯಾಜಕನಾಗಿದ್ದರೆ ಏಳು ದಿನ ಬಾಗಿಲು ಹಾಕಿಸುತ್ತಿದ್ದ. ಕಾಕಾ ಏಳು ದಿನ ಚೌಕಾಶಿ ಮಾಡಿ, ಬೆಲೆ ಇಳಿಸಿ, ಅದೇ ಮನೆಯನ್ನು ಕೊಂಡರು. ಯಾಜಕಕಾಂಡ ಓದಿ ಲಾಭ ಮಾಡಿಕೊಂಡವರು ನಮ್ಮ ಸಭೆಯಲ್ಲಿ ಅವರೊಬ್ಬರೇ.

ಸುದ್ದಿ ಹಬ್ಬಿತು. ಮಗನ ಸೀಟು, ಮಗಳ ಸಂಬಂಧ, ಸೊಸೈಟಿಯ ಸಾಲ, ಎಲ್ಲದಕ್ಕೂ ಜನ ಕಾಕಾನ ಪದ್ಧತಿ ಹಿಡಿದರು. ಕಣ್ಣು ಮುಚ್ಚಿ ಬೈಬಲ್ಲನ್ನು ಸುಮಾರು ಅರ್ಧಕ್ಕೆ ತೆರೆದರೆ ಸಾಮಾನ್ಯವಾಗಿ ಕೀರ್ತನೆಗಳೇ ಸಿಗುತ್ತವೆ. ಹಾಗಾಗಿ ಹೆಚ್ಚಿನವರಿಗೆ ಸಮಾಧಾನದ ಮಾತೇ ಬಂತು. ಸಭಾಪಾಲಕರಿಗೆ ಮಾತ್ರ ಇದು ಸೇರಲಿಲ್ಲ. ಒಂದು ಭಾನುವಾರ ಪೀಠದಿಂದಲೇ ಎಚ್ಚರಿಸಿದರು. ಅವರ ಮಾತು ಸರಿಯೇ, ಆದರೆ ಕಾಕಾನ ಪಂಗಡದಲ್ಲಿ ದೊಡ್ಡವರೂ ಇದ್ದಾರೆ ಎಂಬುದನ್ನು ಮರೆಯಬಾರದು. 386ರಲ್ಲಿ ಮಿಲಾನಿನ ತೋಟವೊಂದರಲ್ಲಿ ಅಳುತ್ತ ಕೂತಿದ್ದ ಅಗಸ್ಟೀನನಿಗೆ, ಎತ್ತಿಕೊಂಡು ಓದು ಎಂದು ಮಗುವೊಂದು ಹಾಡಿದಂತೆ ಕೇಳಿಸಿತು. ಪುಸ್ತಕ ತೆರೆದಾಗ ಕಣ್ಣಿಗೆ ಬಿದ್ದದ್ದು ಪೌಲನು ರೋಮಾಪುರದವರಿಗೆ ಬರೆದ ಪತ್ರದ ಒಂದು ಭಾಗ. ಅಲ್ಲಿಂದ ಅವನ ಬದುಕೇ ಹೊರಳಿತು. ಜಾನ್ ವೆಸ್ಲಿಯೂ ಚೀಟಿ ಎತ್ತಿ, ಬೈಬಲ್ ತೆರೆದು ನೋಡುತ್ತಿದ್ದವರೇ. ಜರ್ಮನಿಯ ಹೆರ್ನ್‌ಹುಟ್ ಊರಿನ ಮೊರೇವಿಯನ್ನರು 1728ರಲ್ಲಿ ದಿನಕ್ಕೊಂದು ವಚನ ಹಂಚುವ ಪದ್ಧತಿ ತೆಗೆದು, 1731ರಿಂದ ಅದನ್ನು ಪುಸ್ತಕವಾಗಿ ಅಚ್ಚು ಹಾಕಿಸುತ್ತಿದ್ದಾರೆ. ವಚನಗಳನ್ನು ಇವತ್ತಿಗೂ ಚೀಟಿ ಎತ್ತಿಯೇ ಆರಿಸುತ್ತಾರೆ.

ನಮ್ಮಲ್ಲಿ ಡಿಸೆಂಬರ್ 31ರ ರಾತ್ರಿ ಹಂಚುವ ವಾಗ್ದಾನದ ಕಾರ್ಡು ಇದೇ ಬಳಗದ್ದು. ಆರಾಧನೆ ಮುಗಿದು ಹೊಸ ವರ್ಷ ಹುಟ್ಟಿದ ಮೇಲೆ ತಟ್ಟೆ ಬರುತ್ತದೆ, ಆಳಿಗೊಂದು ಕಾರ್ಡು, ವರ್ಷವಿಡೀ ಅದೇ ನಿಮ್ಮ ವಚನ. ಹಾಗೆಂದು ನಿಯಮ. ವಾಸ್ತವದಲ್ಲಿ ತೆಗೆದದ್ದು ರುಚಿಸದಿದ್ದರೆ ಮೆಲ್ಲನೆ ತಟ್ಟೆಯ ಅಡಿಗೆ ತುರುಕಿ ಇನ್ನೊಂದನ್ನು ಎತ್ತುವವರಿದ್ದಾರೆ. ಸಮೃದ್ಧಿಯ ವಚನ ಬಂದ ಹೆಂಡತಿ, ತಾಳ್ಮೆಯ ವಚನ ಬಂದ ಗಂಡ, ಇಬ್ಬರೂ ಹೊರಗೆ ಸ್ಕೂಟರಿನ ಪಕ್ಕ ನಿಂತು ಅದಲು ಬದಲು ಮಾಡಿಕೊಳ್ಳುವುದನ್ನು ಕಣ್ಣಾರೆ ಕಂಡಿದ್ದೇನೆ. ಸುಭಾಸ್ ರೋಡಿನಲ್ಲಿ ಹಿಂದೆ ಗಿಳಿಶಾಸ್ತ್ರದವನು ಕೂರುತ್ತಿದ್ದ. ಅವನ ಗಿಳಿ ಒಮ್ಮೆ ಎಳೆದ ಕಾರ್ಡನ್ನು ವಾಪಸು ಇಡುತ್ತಿರಲಿಲ್ಲ. ಆ ಮಟ್ಟಿಗೆ ನಮಗಿಂತ ಗಿಳಿಯೇ ಪ್ರಾಮಾಣಿಕ.

ಆರಿಸಿ ಓದುವವರ ಇನ್ನೊಂದು ವರ್ಗವಿದೆ. ಹೊಟ್ಟೆಯ ಬಾಧೆಗೆ ಸ್ವಲ್ಪ ದ್ರಾಕ್ಷಾರಸ ತೆಗೆದುಕೋ ಎಂದು ಪೌಲ ತಿಮೊಥೆಯನಿಗೆ ಬರೆದ ವಚನ ಕೆಲವರಿಗೆ ಅಧ್ಯಾಯ-ಸಂಖ್ಯೆ ಸಮೇತ ಬಾಯಿಪಾಠ. ಮಿಕ್ಕ ಬೈಬಲ್ಲಿನ ಬಗ್ಗೆ ಅವರಿಗೆ ಗೌರವವಿದೆ, ಪರಿಚಯವಿಲ್ಲ.

ಅಜ್ಜಿ ಯಾವತ್ತೂ ಬೆರಳಿಟ್ಟು ಕೇಳಿದವಳಲ್ಲ. ಮಧ್ಯಾಹ್ನ ಪಾತ್ರೆ ತೊಳೆದು ಕವುಚಿದ ಮೇಲೆ ಹಿತ್ತಲ ಬಾಗಿಲ ಹೊಸ್ತಿಲಲ್ಲಿ ಕೂತು, ನಿನ್ನೆ ನಿಲ್ಲಿಸಿದಲ್ಲಿಂದ ಓದುವಳು. ಗಟ್ಟಿಯಾಗಿ, ನಿಧಾನವಾಗಿ, ರಾಗವೆಂದೂ ಹೇಳಲಾಗದ ಎಳೆತದಲ್ಲಿ. ಹಳೆಯ ಕಾಲದವರು ಓದುತ್ತಿದ್ದುದೇ ಹೀಗೆ: ಅಪೊಸ್ತಲರ ಕೃತ್ಯಗಳಲ್ಲಿ ಇಥಿಯೋಪ್ಯದ ಅಧಿಕಾರಿಯೊಬ್ಬ ರಥದಲ್ಲಿ ಕೂತು ಯೆಶಾಯನ ಗ್ರಂಥ ಓದುತ್ತ ಹೋಗುತ್ತಿದ್ದದ್ದು ಪಕ್ಕದಲ್ಲಿ ಓಡಿಬಂದ ಫಿಲಿಪ್ಪನ ಕಿವಿಗೆ ಬಿತ್ತು. ಅಜ್ಜಿ ಓದುವುದು ನಾಲ್ಕೈದು ವಚನ, ಹೆಚ್ಚಲ್ಲ. ಆಮೇಲೆ ಕನ್ನಡಕ ತೆಗೆದು ಸೆರಗಿನ ತುದಿಯಲ್ಲಿ ಒರೆಸುತ್ತ ಜಗಳ ತೆಗೆಯುವಳು. ನಮ್ಮ ಜೊತೆಯಲ್ಲ, ದೇವರ ಜೊತೆ.

ಲೂಕನ ಸುವಾರ್ತೆಯಲ್ಲಿ ಮಾರ್ಥಳ ಮನೆಗೆ ಯೇಸು ಬರುವ ಭಾಗ ಬಂದಾಗ ಈ ಜಗಳ ತಾರಕಕ್ಕೇರಿತು. ಮಾರ್ಥ ಅಡುಗೆಮನೆಯಲ್ಲಿ ಬೆವರು ಸುರಿಸುತ್ತಿದ್ದಾಳೆ, ತಂಗಿ ಮರಿಯ ಯೇಸುವಿನ ಪಾದದ ಬಳಿ ಕೂತು ಮಾತು ಕೇಳುತ್ತಿದ್ದಾಳೆ. ಇವಳಿಗೆ ಹೇಳು ಎಂದು ಅಕ್ಕ ದೂರಿದರೆ, ಯೇಸು ತಂಗಿಯ ಪರ. ಜೀವಮಾನವೆಲ್ಲ ಹಿರಿಸೊಸೆಯಾಗಿ ದುಡಿದ ಅಜ್ಜಿಗೆ ಇದು ಹೇಗೆ ಒಪ್ಪಿಗೆಯಾಗಬೇಕು? “ಆತು ಸ್ವಾಮಿ, ಎಲ್ಲಾರೂ ಕುಂತ ಕೇಳೋಣು. ರೊಟ್ಟಿ ಬಡಿಯಾವ್ರ ಯಾರು?” ಎಂದು ಹಿತ್ತಲ ನುಗ್ಗೆಗಿಡದ ಕಡೆ ನೋಡುತ್ತ ಕೇಳಿದಳು. ಉತ್ತರ ಬರಲಿಲ್ಲ. ಮರುದಿನವೂ ಅದೇ ಭಾಗ, ಅದರ ಮರುದಿನವೂ ಅದೇ. ವಾರ ಕಳೆದ ಮೇಲೆ ಮನೆಯಲ್ಲಿ ಫರ್ಮಾನು ಹೊರಟಿತು: ಇನ್ನು ಮೇಲೆ ಭಾನುವಾರ ಒಂದೇ ಅಡುಗೆ, ಅದೂ ಬರೀ ಚಿತ್ರಾನ್ನ, ಚರ್ಚಿನಿಂದ ಬಂದ ಮೇಲೆ ಸೊಸೆಯಂದಿರೂ ಹೊರಗೆ ಎಲ್ಲರ ಜೊತೆ ಕೂರಬೇಕು. ಭಾನುವಾರದ ಮಟನ್ನು ಶನಿವಾರ ರಾತ್ರಿಗೆ ವರ್ಗವಾಯಿತು. ಗಂಡಸರು ಒಳಗೊಳಗೇ ಮರುಗಿದರು. ಅಮ್ಮ, ಕಾಕು ಇಬ್ಬರೂ ಲೂಕನ ಸುವಾರ್ತೆಯ ಬಗ್ಗೆ ಬಹಳ ಗೌರವದಿಂದ ಮಾತಾಡತೊಡಗಿದರು.

ಹನ್ನೆರಡನೆಯ ಶತಮಾನದಲ್ಲಿ ಗ್ವಿಗೋ ಎಂಬ ಕಾರ್ಥೂಸಿಯನ್ ಸನ್ಯಾಸಿ ಇಂಥ ಓದಿಗೆ ನಾಲ್ಕು ಮೆಟ್ಟಿಲಿನ ಏಣಿಯೊಂದನ್ನು ಬರೆದಿಟ್ಟಿದ್ದಾನೆ: ಓದು, ಮನನ, ಪ್ರಾರ್ಥನೆ, ಕೊನೆಗೆ ಧ್ಯಾನ. ಅಜ್ಜಿಗೆ ಅವನ ಹೆಸರೂ ತಿಳಿಯದು. ಆದರೆ ಮೂರು ಮೆಟ್ಟಿಲು ಅವಳು ಸಲೀಸಾಗಿ ಹತ್ತುತ್ತಿದ್ದಳು. ನಾಲ್ಕನೆಯದರ ಬಗ್ಗೆ ನಮಗೆ ಅನುಮಾನ. ಹೊಸ್ತಿಲಿಗೆ ಒರಗಿ ಕಣ್ಣು ಮುಚ್ಚಿದವಳು ಧ್ಯಾನದಲ್ಲಿದ್ದಾಳೋ ನಿದ್ದೆಯಲ್ಲಿದ್ದಾಳೋ ಎಂದು ಗೊರಕೆ ಬರುವ ತನಕ ಹೇಳಲಾಗುತ್ತಿರಲಿಲ್ಲ.

ಅವಳಿಗೆ ಈ ರೂಢಿ ಬಂದ ದಾರಿ ಬೇರೆ. ಬಾಸೆಲ್ ಮಿಶನ್ನಿನವರು 1834ರಲ್ಲಿ ಮಂಗಳೂರಿಗೆ, 1837ರಲ್ಲಿ ಧಾರವಾಡಕ್ಕೆ ಬಂದರು. ಅವರಲ್ಲಿ ಬಹಳ ಜನ ಜರ್ಮನಿಯ ವುರ್ಟೆಂಬರ್ಗ್ ಸೀಮೆಯ ಹಳ್ಳಿಗಾಡಿನವರು. ಮನೆಮನೆಯಲ್ಲಿ ಸೇರಿ ಬೈಬಲ್ ಓದುವ ಭಕ್ತಿಪಂಥದಲ್ಲಿ ಬೆಳೆದವರು. ಕನ್ನಡದಲ್ಲಿ ಓದಲು ಪುಸ್ತಕವೂ ಆಗಲೇ ಸಿದ್ಧವಿತ್ತು: ಜಾನ್ ಹ್ಯಾಂಡ್ಸ್, ವಿಲಿಯಂ ರೀವ್ ಮೊದಲಾದ ಲಂಡನ್ ಮಿಶನ್ನಿನವರು ಬಳ್ಳಾರಿಯ ಬಿಸಿಲಿನಲ್ಲಿ ವರ್ಷಗಟ್ಟಲೆ ತಿಣುಕಿ 1830ರ ದಶಕದ ಆರಂಭದ ಹೊತ್ತಿಗೆ ಇಡೀ ಬೈಬಲ್ಲನ್ನು ಕನ್ನಡಕ್ಕೆ ತಂದಿದ್ದರು. ಕಿಟ್ಟೆಲ್ ಸಾಹೇಬರಂತೂ 1862ರಲ್ಲಿ ಯೇಸುವಿನ ಕಥೆಯನ್ನು ಷಟ್ಪದಿಯಲ್ಲಿ ಹಾಡಿ ‘ಕಥಾಮಾಲೆ’ ಎಂದು ಹೆಸರಿಟ್ಟರು. ಅಲ್ಲಿಂದ ಕೈದಾಟಿ ಬಂದ ಓದು ನಮ್ಮ ಹಿತ್ತಲ ಹೊಸ್ತಿಲಿಗೆ ಬಂದು ಕೂತಿತ್ತು.

ನಮ್ಮ ಕಾಲದ ಓದಿಗೆ ಇಷ್ಟು ಪುರಸೊತ್ತಿಲ್ಲ, ಟೈಮ್‌ಟೇಬಲ್ ಇದೆ. ಸ್ಕಾಟ್ಲೆಂಡಿನ ಡಂಡೀ ಪಟ್ಟಣದ ಪಾದ್ರಿ ರಾಬರ್ಟ್ ಮರ್ರೆ ಮಕ್‌ಚೇನ್ 1842ರಲ್ಲಿ ಒಂದು ವೇಳಾಪಟ್ಟಿ ಮಾಡಿದ: ವರ್ಷಕ್ಕೆ ಹಳೆಯ ಒಡಂಬಡಿಕೆ ಒಮ್ಮೆ, ಹೊಸ ಒಡಂಬಡಿಕೆ ಮತ್ತು ಕೀರ್ತನೆಗಳು ಎರಡು ಸಲ. ಮರುವರ್ಷ 29ರ ಪ್ರಾಯದಲ್ಲೇ ತೀರಿಕೊಂಡ. ಪಟ್ಟಿ ಇಂದಿಗೂ ನಡೆಯುತ್ತಿದೆ. ಆ ಪುಣ್ಯಾತ್ಮ ಪಟ್ಟಿಯ ಜೊತೆಗೇ ಅದರ ಅಪಾಯಗಳನ್ನೂ ಬರೆದಿದ್ದ: ಓದು ಬರೀ ಶಾಸ್ತ್ರಕ್ಕಾಗಬಹುದು, ನಾನೇ ಭಕ್ತ ಎಂಬ ಹಮ್ಮು ಬರಬಹುದು, ಕಣ್ಣಾಡಿಸಿ ಮುಗಿಸುವಂತಾಗಬಹುದು, ಕೆಲವರಿಗೆ ಹೊರಲಾರದ ಹೊರೆಯಾಗಬಹುದು. ಪಟ್ಟಿಯನ್ನು ಎಲ್ಲರೂ ಹಂಚುತ್ತಾರೆ, ಎಚ್ಚರಿಕೆಯನ್ನು ಯಾರೂ ಹಂಚುವುದಿಲ್ಲ. ಜನವರಿಯಲ್ಲಿ ಆದಿಕಾಂಡದ ಜೊತೆ ಹೊರಡುವ ದಿಬ್ಬಣ ಫೆಬ್ರುವರಿಯಲ್ಲಿ ಯಾಜಕಕಾಂಡದ ಘಾಟಿನಲ್ಲಿ ನಿಂತುಹೋಗುವುದು ಎಲ್ಲ ಸಭೆಗಳ ಕಥೆ. ಮೊಬೈಲಿನ ಬೈಬಲ್ ಆ್ಯಪ್ ಅಂತೂ, ಒಂದು ದಿನ ತಪ್ಪಿದರೆ ಸಾಕು, ನಿಮ್ಮ ಸರಣಿ ಮುರಿಯಿತು ಎಂದು ಮುಖದ ಮೇಲೆ ಹೊಡೆದಂತೆ ಹೇಳುತ್ತದೆ. ಅಜ್ಜಿಯ ದೇವರು ಹಾಗೆ ಹಾಜರಿ ಹಿಡಿದದ್ದನ್ನು ನಾನು ಕಾಣೆ.

ನಾನು ಈಗ ಓದುವುದು ಅಜ್ಜಿಯ ದಾರಿಯಲ್ಲಿ, ಅವಳಷ್ಟು ಗಟ್ಟಿಯಾಗಿ ಅಲ್ಲ. ಒಮ್ಮೆ ಸಭೆಯ ಕಮಿಟಿಗೆ ಚುನಾವಣೆ ಬಂದಿತ್ತು. ಚರ್ಚಿನ ಚುನಾವಣೆ ನೋಡದವರಿಗೆ ಹೇಳುತ್ತೇನೆ, ವಿಧಾನಸಭೆಯದು ಅದರ ಮುಂದೆ ಮಕ್ಕಳಾಟ. ಕೆಲವು ಹಿರಿಯರು ನಿಲ್ಲು ಎಂದರು. ನಿಲ್ಲಲೋ ಬೇಡವೋ ಎಂದು ಪ್ರಾರ್ಥಿಸುತ್ತ, ಪ್ರತಿದಿನದ ಪಾಠ ಮುಂದುವರಿಸುತ್ತಿದ್ದಾಗ ನೆಹೆಮೀಯನ ಮೂರನೆಯ ಅಧ್ಯಾಯ ಬಂತು. ಯೆರೂಸಲೇಮಿನ ಬಿದ್ದ ಗೋಡೆಯ ಯಾವ ಭಾಗವನ್ನು ಯಾರು ಕಟ್ಟಿದರೆಂಬ ಉದ್ದ ಪಟ್ಟಿ. ಚಾಪೆಯ ಕಾಲದಲ್ಲಿ ಇದನ್ನು ಕಂಡರೆ ಬೆರಳು ಮಡಚುತ್ತಿದ್ದೆ. ನಿಧಾನವಾಗಿ ಓದಿದರೆ ಒಳಗೆ ಇಡೀ ಊರೇ ಕಾಣುತ್ತದೆ. ಅಕ್ಕಸಾಲಿಗ ಕಲ್ಲು ಹೊರುತ್ತಿದ್ದಾನೆ, ಪಕ್ಕದಲ್ಲೇ ಸುಗಂಧ ತಯಾರಿಸುವವನು. ಶಲ್ಲೂಮ ಎಂಬ ಅಧಿಕಾರಿ ತನ್ನ ಹೆಣ್ಣುಮಕ್ಕಳನ್ನೇ ಕರೆದುಕೊಂಡು ಬಂದಿದ್ದಾನೆ. ತೆಕೋವದ ಸಾಮಾನ್ಯರು ದುಡಿದರು, ಅವರ ಶ್ರೀಮಂತರು ಮಾತ್ರ ಹೆಗಲು ಕೊಡಲಿಲ್ಲ ಎಂದು ಬರೆದವನು ಮುಲಾಜಿಲ್ಲದೆ ದಾಖಲಿಸಿದ್ದಾನೆ. ಎರಡೂವರೆ ಸಾವಿರ ವರ್ಷ ಹತ್ತಿರ ಬಂತು, ಆ ಶ್ರೀಮಂತರ ಮಾನ ಇನ್ನೂ ಹೋಗುತ್ತಲೇ ಇದೆ. ಹಾಗೇ ಮುಂದೆ ಬಂದರೆ, ಯಾಜಕರು ತಮ್ಮತಮ್ಮ ಮನೆಯ ಎದುರಿನ ಭಾಗವನ್ನು ತಾವೇ ಕಟ್ಟಿಕೊಂಡರು ಎಂದಿದೆ.

ಪುಸ್ತಕ ಮುಚ್ಚಿ ಕಿಟಕಿಯಿಂದ ನೋಡಿದೆ. ನಮ್ಮ ಮನೆಯ ಎದುರಿನ ಕಂಪೌಂಡು ಹೋದ ಮಳೆಗಾಲದಲ್ಲಿ ರಸ್ತೆಗೆ ಒರಗಿದ್ದು ಹಾಗೇ ಇತ್ತು. ಹೆಂಡತಿ ಹೇಳಿ ಹೇಳಿ ದಣಿದಿದ್ದಳು. ಹಿರಿಯರಿಗೆ ಬೇರೆಯವರನ್ನು ನೋಡಿಕೊಳ್ಳಿ ಎಂದು ಫೋನು ಮಾಡಿ, ಗೌಂಡಿಯನ್ನು ಕರೆಸಿದೆ. ನಮ್ಮ ಮನೆತನದ ಜೊತೆ ದೇವರು ಮಾತಾಡುವುದೆಲ್ಲ ಗೋಡೆಯ ವಿಷಯವೇ ಯಾಕೆ ಎಂದು ಕಾಕಾನನ್ನು ಕೇಳಿದರೆ, “ನಮಗ ಅಷ್ಟ ತಿಳಿತೈತಿ ಅಂತ ಆತಗ ಗೊತ್ತೈತಪಾ” ಎಂದರು.

ದೊಡ್ಡ ಪ್ರಶ್ನೆ ಹಿಡಿದುಕೊಂಡು ಹೋದವನಿಗೆ ಈ ಪುಸ್ತಕ ಚಿಕ್ಕ ಕೆಲಸ ಕೊಟ್ಟು ಕಳಿಸುತ್ತದೆ ಎಂಬುದು ನನ್ನ ಅನುಭವ. ಇನ್ನು ಬದುಕುವುದೇ ಬೇಡ ಎಂದು ಅಡವಿಯ ಗಿಡದ ಕೆಳಗೆ ಮಲಗಿದ ಎಲೀಯನಿಗೆ ದೇವದೂತ ಬೋಧನೆ ಮಾಡಲಿಲ್ಲ. ಬಿಸಿ ರೊಟ್ಟಿ, ನೀರು ಇಟ್ಟು, ಎದ್ದು ತಿನ್ನು ಎಂದ. ತಿಂದು ಮತ್ತೆ ಮಲಗಿದರೆ ಮಲಗಲಿ ಎಂದು ಬಿಟ್ಟ. ಎರಡನೆಯ ಸಲ ಉಣಿಸಿದ ಮೇಲೆಯೇ ಮುಂದಿನ ದಾರಿಯ ಮಾತು.

ಸಂತೋಷದ ಬಗ್ಗೆ ಕೇಳುವವರಿಗೆ ಅದೇ ನೆಹೆಮೀಯನ ಎಂಟನೆಯ ಅಧ್ಯಾಯ ತೋರಿಸುತ್ತೇನೆ. ಗೋಡೆ 52 ದಿನಗಳಲ್ಲಿ ಮುಗಿಯಿತು. ಆಮೇಲೆ ಜನರೆಲ್ಲ ಬಯಲಿನಲ್ಲಿ ಸೇರಿದರು. ಎಜ್ರ ಮರದ ಅಟ್ಟದ ಮೇಲೆ ನಿಂತು ಬೆಳಗಿನಿಂದ ಮಧ್ಯಾಹ್ನದವರೆಗೆ ಧರ್ಮಶಾಸ್ತ್ರ ಓದಿದ. ಕೇಳಿದವರೆಲ್ಲ ಅಳತೊಡಗಿದರು. ನೆಹೆಮೀಯ ಮೊದಲಾದವರು ಅಳು ನಿಲ್ಲಿಸಿ, ಮನೆಗೆ ಹೋಗಿ ಮೃಷ್ಟಾನ್ನ ಉಂಡು, ಸಿಹಿಪಾನಕ ಕುಡಿದು, ಇಲ್ಲದವರಿಗೂ ಒಂದು ಪಾಲು ಕಳಿಸಿ ಎಂದು ಜನರನ್ನು ಬೀಳ್ಕೊಟ್ಟರು. ಅಜ್ಜಿಗೆ ಇದು ಬಹಳ ಇಷ್ಟದ ಭಾಗ. ಅದನ್ನು ಓದಿದ ದಿನ ಮಾದಲಿ ಮಾಡುತ್ತಿದ್ದಳು, ಪಕ್ಕದ ಮನೆಗೂ ಒಂದು ಡಬ್ಬಿ ಹೋಗುತ್ತಿತ್ತು. ರೋದೆ ಎಂಬ ದಾಸಿಯ ಕಥೆಯೂ ಅವಳಿಗೆ ಇಷ್ಟವೇ: ಸೆರೆಮನೆಯಿಂದ ಬಿಡಿಸಿಕೊಂಡು ಬಂದ ಪೇತ್ರ ಬಾಗಿಲು ಬಡಿಯುತ್ತಿದ್ದಾನೆ, ದನಿ ಗುರುತು ಹಿಡಿದ ಹುಡುಗಿ ಸಂತೋಷದ ಭರದಲ್ಲಿ ಬಾಗಿಲು ತೆಗೆಯುವುದನ್ನೇ ಮರೆತು ಒಳಗೆ ಓಡುತ್ತಾಳೆ. ಒಳಗಿದ್ದವರು ಅವನಿಗಾಗಿಯೇ ಪ್ರಾರ್ಥಿಸುತ್ತಿದ್ದವರು. ಅವನು ಬಂದಿದ್ದಾನೆ ಎಂದರೆ ನಿನಗೆ ಹುಚ್ಚು ಎನ್ನುತ್ತಾರೆ!

ಹೊಸದಾಗಿ ಓದಲು ಹೊರಟವರು ಎಲ್ಲಿಂದ ಶುರು ಮಾಡಬೇಕೆಂದು ಕೇಳುತ್ತಾರೆ. ಮಾರ್ಕನ ಸುವಾರ್ತೆಯಿಂದ ಮಾಡಿ. ಹದಿನಾರೇ ಅಧ್ಯಾಯ, ವೇಗವಾಗಿ ಓಡುವ ಕಥೆ. ದಿನಕ್ಕೆ ಅರ್ಧ ಅಧ್ಯಾಯ ಸಾಕು. ಮೊದಲು ಒಂದು ಮಾತು ಪ್ರಾರ್ಥಿಸಿ, ಗಟ್ಟಿಯಾಗಿ ಓದಿ. ಒಪ್ಪಿಗೆಯಾಗದ್ದನ್ನು ಓದಿದ ಜಾಗದಲ್ಲೇ ದೇವರನ್ನು ಕೇಳಿ, ಆತನಿಗೆ ಬೇಸರವಿಲ್ಲ. ಕಷ್ಟದ ಹೆಸರು ಬಂದರೆ ಬಾಯಿಗೆ ಬಂದಂತೆ ಓದಿ ಮುಂದೆ ಹೋಗಿ. ತಿದ್ದಲು ಆ ಕಾಲದವರು ಯಾರೂ ಉಳಿದಿಲ್ಲ.